ಹಳೇ ಅಳತೆ ನಡೆಯಲ್ಲ

ಫೆಬ್ರವರಿ 20

ಅಕ್ಕ,

ಇಲ್ಲ, ಬರಲ್ಲ. ನೀನು ನಾಲ್ಕು ಹಾಳೆ ಬರೆದ್ರೂ ಅಷ್ಟೆ, ನಲವತ್ತು ಬರೆದ್ರೂ ಅಷ್ಟೆ. ಮನೆ ಹಿಂದಿನ ಕೋಣೆ ಖಾಲಿ ಮಾಡಿಸ್ತೀನಿ, ಮಂಚ ಹಾಕಿಸ್ತೀನಿ, ಕಿಟಕಿಗೆ ಪರದೆ ಕಟ್ತೀನಿ, ಅತ್ತೆಗೆ ಕಾಮಾಲೆ ಅಂತ ಹೇಳಿದೀನಿ ಅಂತೀಯ. ನನಗೆ ಬಂದಿದ್ದು ಕಾಮಾಲೆ ಅಲ್ವಲ್ಲ. ಕಾಮಾಲೆ ಆಗಿದ್ರೆ ಹಳದಿ ಆಗಿರ್ತಿದ್ದೆ. ನಾನು ಹಳದಿ ಇಲ್ಲ, ಸಿಟ್ಟಿಗೆ ಕೆಂಪಗಿದೀನಿ.

ಕ್ಯಾನ್ಸರ್ ಅನ್ನು. ಒಂದ್ಸಲ ಬಾಯಿ ಬಿಟ್ಟು ಹೇಳಿ ನೋಡು, ಹಲ್ಲೇನೂ ಉದುರಲ್ಲ. ಕರುಳಿನ ಕೊನೇ ತುದೀಲಿ ಗಡ್ಡೆ ಇತ್ತು, ಕೊಯ್ದು ತೆಗೆದ್ರು. ಪೂರ್ತಿ ಸಿಕ್ಕಿದೆ, ಬೇರೆ ಕಡೆ ಹೋಗಿಲ್ಲ, ಆರು ತಿಂಗಳಿಗೊಮ್ಮೆ ಬಂದು ತೋರಿಸು ಅಂದಿದಾರೆ. ಉಳಿದ ಕರುಳಿನ ತುದೀನ ಹೊಟ್ಟೆಯ ಎಡಗಡೆ, ಹೊಕ್ಕಳಿನಿಂದ ಸ್ವಲ್ಪ ಕೆಳಗೆ, ಆಚೆ ತಂದು ಹೊಲಿದಿದಾರೆ. ಇನ್ಮೇಲೆ ಅದೇ ದಾರಿ. ಅದರ ಮೇಲೆ ಚೀಲ. ಇಷ್ಟೇ ಕಥೆ. ಇದನ್ನ ನಿನ್ನ ಅತ್ತೆ ಮುಂದೆ ಹೇಳಿದ್ರೆ ಮನೆ ಚಾವಣಿ ಬೀಳುತ್ತಾ?

ನೋಡೋಕೆ ಹೇಗಿದೆ ಗೊತ್ತಾ? ಗೊತ್ತಿಲ್ಲ, ಯಾಕಂದ್ರೆ ನೀನು ನೋಡ್ಲೇ ಇಲ್ಲ. ಆಸ್ಪತ್ರೇಲಿ ನರ್ಸಮ್ಮ ಮೊದಲನೇ ಸಲ ಚೀಲ ಬಿಚ್ಚಿದಾಗ ನೀನು ಗೋಡೆ ಕಡೆ ತಿರುಗಿದೆ. ನಾನು ನೋಡ್ದೆ. ಏನೂ ಅನ್ಲಿಲ್ಲ, ಈಗ ಅಂತಿದೀನಿ. ಕೆನ್ನೆ ಒಳಗಡೆ ನಾಲಿಗೆ ಆಡಿಸಿ ನೋಡು, ಹಾಗಿದೆ ಅದು. ಕೆಂಪಗೆ, ಒದ್ದೆಯಾಗಿ, ಅರಳಿದ ಗುಂಡಿ ಥರ. ಮುಟ್ಟಿದ್ರೆ ನೋವೇ ಇಲ್ಲ. ಅದಕ್ಕೆ ನಾನು ಮನೆಅಳಿಯ ಅಂತ ಹೆಸರಿಟ್ಟಿದೀನಿ. ಹೇಳದೆ ಬಂದು ಕೂತ, ಹೊತ್ತುಗೊತ್ತಿಲ್ಲ, ನಾಲ್ಕು ಜನ ಮಾತಾಡ್ತಿರುವಾಗ ಮಧ್ಯ ಬಾಯಿ ಹಾಕ್ತಾನೆ, ಉಪಚಾರ ಕಮ್ಮಿ ಆದ್ರೆ ಮುನಿಸಿಕೊಳ್ತಾನೆ. ಈರುಳ್ಳಿ ತಿಂದ ದಿನ ಅವನ ಭಾಷಣ ಕೇಳಬೇಕು ನೀನು.

ರೂಮಲ್ಲಿ ಜೊತೆಗಿರೋ ಕಾಜನಿಗೆ ಎಲ್ಲಾ ಹೇಳಿದೀನಿ. ಅವನು ನಮ್ಮ ಬಟ್ಟೆ ಕಾರ್ಖಾನೇಲಿ ಗುಂಡಿಗೆ ಕಾಜ ಹಾಕೋ ಮಿಷನ್ನಿನವನು, ಅದಕ್ಕೇ ಆ ಹೆಸರು. ಅವನು ಕೇಳಿ, ಹಾಗಾದ್ರೆ ಬೆಳಿಗ್ಗೆ ಪಾಯಿಖಾನೆ ಪೂರ್ತಿ ನನ್ನದೇ ಅಂದ. ಅಷ್ಟೇ. ಅವನಿಗೆ ಅರ್ಥ ಆಗಿದ್ದು ನಿನಗೆ ಯಾಕೆ ಆಗಲ್ಲ?

ಮೇಸ್ತ್ರಿ ನನ್ನ ಜಾಗ ಇಟ್ಟಿದಾರೆ. ಸ್ಕೂಲ್ ಯೂನಿಫಾರಂ ಕೆಲಸ ಏಪ್ರಿಲ್ಲಿಗೆ ಶುರು. ಅಷ್ಟರಲ್ಲಿ ಕಟಿಂಗ್ ಮೇಜಿನ ಮುಂದೆ ನಾನು ನಿಂತಿರ್ಬೇಕು, ಇಲ್ಲಾಂದ್ರೆ ಬೇರೆಯವರು ನಿಂತಿರ್ತಾರೆ. ಹತ್ತನೇ ಕ್ಲಾಸಾದ ಮೇಲೆ ನಾನು ಕಲಿತಿದ್ದು ಇದೊಂದೇ ವಿದ್ಯೆ. ಅದನ್ನ ಬಿಟ್ಟು ನಿನ್ನ ಹಿಂದಿನ ಕೋಣೇಲಿ ಚಾವಣಿ ಎಣಿಸ್ತಾ ಮಲಗಲಾ?

ಫೋನ್ ಮಾಡು ಅಂತ ಬೈಬೇಡ. ನೀನು ಫೋನ್ ಎತ್ತಿದ್ರೆ ನಿಮ್ಮ ಮನೆಯವರೆಲ್ಲ ಕಿವಿ ನೆಟ್ಟಗೆ ಮಾಡ್ತಾರೆ, ನೀನು ಹೂಂ ಹೂಂ ಅಂತೀಯ. ಅದಕ್ಕೆ ನೀನು ಕೆಲಸ ಮಾಡೋ ಬೈಂಡಿಂಗ್ ಅಂಗಡಿಗೇ ಬರೀತೀನಿ. ಇನ್ನೂ ಕೂರೋಕೆ ಆಗಲ್ಲ, ಕಿಟಕಿ ಕಟ್ಟೆ ಮೇಲೆ ಹಾಳೆ ಇಟ್ಟು ನಿಂತೇ ಬರೆದಿದ್ದು. ಅಕ್ಷರ ವಕ್ರ ಇದ್ರೆ ಅದಕ್ಕೆ. ಮನಸ್ಸು ನೆಟ್ಟಗೇ ಇದೆ.

ನಿನ್ನ ಬುಗುರಿ

*

ಮಾರ್ಚ್ 3

ಬುಗುರಿ,

ನಿನ್ನ ಕಾಗದ ಬಂತು. ನಿಂತು ಬರೆದೆ ಅಂತ ಓದಿ ನಾನೂ ನಿಂತೇ ಓದಿದೆ. ಅಂಟಿನ ಬಕೆಟ್ ಪಕ್ಕ ಕಣ್ಣು ಒರೆಸಿಕೊಂಡೆ, ಅಂಟಿನ ಘಾಟು ಅಂತ ಅಂದ್ಕೊಂಡ್ರು ಎಲ್ಲರೂ.

ಚಿಕ್ಕಂದಿನಿಂದ ಹೀಗೇ ನೀನು. ದಾರ ಸುತ್ತಿ ಬಿಟ್ಟ ಮೇಲೆ ಯಾರ ಮಾತೂ ಕೇಳಲ್ಲ, ತಿರುಗಿ ತಿರುಗಿ ಎಲ್ಲೋ ಮೂಲೇಲಿ ಬೀಳೋದು. ನಾನು ಅವಮಾನ ಅಂತ ಕರೀತಿಲ್ಲ ಕಣೋ. ಅಲ್ಲಿ ನಿನಗೆ ಬಿಸಿನೀರು ಯಾರು ಕೊಡ್ತಾರೆ? ಜ್ವರ ಬಂದ್ರೆ ಹಣೆ ಯಾರು ಮುಟ್ಟಿ ನೋಡ್ತಾರೆ? ಕಾಜ ಅಂತೀಯ, ಆಸ್ಪತ್ರೇಲಿ ನೋಡಿದೀನಿ, ಅವನಿಗೆ ಅವನ ಅಂಗಿ ಒಗೆಯೋಕೂ ಬರಲ್ಲ. ಮೂರು ತಿಂಗಳ ಮಾತು. ಆಮೇಲೆ ಅದನ್ನ ಒಳಗೆ ಹಾಕಿ ಮುಚ್ತಾರಂತಲ್ಲ, ನಮ್ಮ ಅಂಗಡಿ ಯಜಮಾನರ ಷಡ್ಡಕರಿಗೆ ಹಾಗೇ ಮಾಡಿದ್ರಂತೆ. ಮುಚ್ಚಿದ ಮೇಲೆ ಯಾರಿಗೆ ಏನು ಗೊತ್ತಾಗಬೇಕು? ಮುಂದೆ ನಿನಗೊಂದು ಹೆಣ್ಣು ನೋಡಬೇಕು ಅನ್ನೋದನ್ನೂ ಯೋಚನೆ ಮಾಡು.

ನಿಮ್ಮ ಭಾವ ನಿನ್ನನ್ನ ಕೇಳ್ತಾನೇ ಇರ್ತಾರೆ. ಕಾಮಾಲೆ ಇಳೀತಾ ಅಂತಾರೆ. ಇಳೀತಿದೆ ಅಂತೀನಿ.

ನಾನು ಚೆನ್ನಾಗಿದೀನಿ. ಅಪ್ಪನ ಮೂಲವ್ಯಾಧಿ ನನಗೂ ಬಂದ ಹಾಗಿದೆ, ಒಂದೊಂದು ದಿನ ರಕ್ತ ಕಾಣುತ್ತೆ. ದಿನವಿಡೀ ಕುಕ್ಕರುಗಾಲಲ್ಲಿ ಕೂತು ಪುಸ್ತಕ ಹೊಲಿಯೋ ಕೆಲಸ, ಬರದೆ ಇರುತ್ತಾ. ಮಾತ್ರೆ ತಗೊಳ್ತಿದೀನಿ. ಇದನ್ನೇನು ತಲೆಗೆ ಹಚ್ಕೋಬೇಡ.

ಕೋಣೆಗೆ ಸುಣ್ಣ ಹೊಡೆಸಿದೀನಿ. ಬಾ.

ಅಕ್ಕ

*

ಮಾರ್ಚ್ 24

ಅಕ್ಕ,

ಸುಣ್ಣ ಹೊಡೆಸಿದ ಕೋಣೇಲಿ ಭಾವನವರ ಸೈಕಲ್ ನಿಲ್ಲಿಸು. ನಾನು ಸೋಮವಾರದಿಂದ ಕೆಲಸಕ್ಕೆ.

ಡಾಕ್ಟರ್ ಇನ್ನೂ ಸ್ವಲ್ಪ ದಿನ ಇರು ಅಂದ್ರು. ಇದ್ದೂ ಇದ್ದೂ ನನ್ನ ಕಾಲಿಗೆ ಬೇರು ಬಂದಿದೆ ಅಂದೆ. ಭಾರ ಎತ್ತಬಾರದು, ಎತ್ತಿದ್ರೆ ಆ ಜಾಗದಲ್ಲಿ ಕರುಳು ಉಬ್ಬಿಕೊಂಡು ಬರುತ್ತೆ, ಹೊಟ್ಟೆಗೆ ಅಗಲ ಪಟ್ಟಿ ಕಟ್ಕೋ, ಅಂತ ನೂರೆಂಟು ಹೇಳಿ ಬಿಟ್ರು. ಬಟ್ಟೆ ಥಾನುಗಳನ್ನ ಕಾಜ ಎತ್ತಿ ಮೇಜಿನ ಮೇಲೆ ಹಾಕ್ತಾನೆ, ನಾನು ಬಿಡಿಸಿ ಹಾಸ್ತೀನಿ, ಗೆರೆ ಎಳೀತೀನಿ, ಕತ್ತರಿಸ್ತೀನಿ. ಒಪ್ಪಂದ ಆಗಿದೆ. ಅದಕ್ಕೆ ಪ್ರತಿಯಾಗಿ ಅವನ ಅಂಗಿ ನಾನು ಒಗೀಬೇಕಂತೆ. ನೀನು ಹೇಳಿದ್ದು ನಿಜ.

ಪಟ್ಟಿ ಅಂಗಡೀದು ಹಾಕ್ಕೊಂಡ್ರೆ ಕುದುರೆಗೆ ಜೀನು ಕಟ್ಟಿದ ಹಾಗಿತ್ತು. ಬಿಚ್ಚಿ ಎಸೆದೆ. ನಾನೇ ಒಂದು ಹೊಲಿದೆ, ಮೆತ್ತನೆ ಬಟ್ಟೆ, ಒಳಗೆ ಚೀಲಕ್ಕೊಂದು ಜೇಬು. ಪ್ಯಾಂಟಿನ ಸೊಂಟ ಎರಡು ಬೆರಳು ಮೇಲೇರಿಸಿದೆ. ನರ್ಸಮ್ಮ ನೋಡಿ, ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ನನಗೆ ಇನ್ನೂ ನಾಲ್ಕು ಬೇಕು ಅಂದ್ರು. ವಾರ್ಡಿನವರಿಗಂತೆ.

ಇನ್ನೊಂದು ಕೇಳು, ಮೆಚ್ಕೋತೀಯ. ಚೀಲ ಹೊಟ್ಟೆಗೆ ನಿಲ್ಲೋದು ಒಂದು ಅಂಟಿನ ಬಿಲ್ಲೆ ಮೇಲೆ. ಬಿಲ್ಲೆ ಮಧ್ಯ ಮನೆಅಳಿಯನ ಗಾತ್ರಕ್ಕೆ ತೂತು ಕತ್ತರಿಸಿ ಅಂಟಿಸ್ಕೋಬೇಕು, ಮೂರು ನಾಲ್ಕು ದಿನಕ್ಕೊಮ್ಮೆ ಬದಲಾಯಿಸ್ಬೇಕು. ಬೇರೆಯವರು ಪ್ರತೀ ಸಲ ಕೂತು ಅಳೆದು ಒಂದೊಂದೇ ಕತ್ತರಿಸ್ತಾರಂತೆ. ನಾನು ಯಾರು? ಆಸ್ಪತ್ರೇಲೇ ಅಳತೆ ತಗೊಂಡೆ, ದಪ್ಪ ಕಾಗದದಲ್ಲಿ ಮಾದರಿ ಮಾಡಿದೆ, ಡಬ್ಬದಲ್ಲಿದ್ದ ಬಿಲ್ಲೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ಒಂದೇ ಏಟಿಗೆ ಕತ್ತರಿಸಿಟ್ಟೆ. ಒಂದು ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಮೇಸ್ತ್ರಿ ಯಾವಾಗ್ಲೂ ಅಂತಾರಲ್ಲ, ಎರಡನೇ ಸಲ ಟೇಪು ಹಿಡಿಯೋನು ಮೊದಲನೇ ಸಲ ಕಣ್ಣು ಮುಚ್ಕೊಂಡಿದ್ದ ಅಂತ.

ಇತ್ತೀಚೆಗೆ ಮಾತ್ರ ಬಿಲ್ಲೆ ಅಂಚು ಸ್ವಲ್ಪ ಬೇಗ ಏಳುತ್ತೆ. ಅಂಟು ಸರಿ ಇಲ್ಲ ಅನ್ಸುತ್ತೆ. ನೀನು ಅಂಟಿನ ಪಂಡಿತೆ, ಏನಾದ್ರೂ ಉಪಾಯ ಇದ್ರೆ ಬರಿ.

ನಿನ್ನ ಮೂಲವ್ಯಾಧಿಗೆ ನೀರು ಜಾಸ್ತಿ ಕುಡಿ. ಅಪ್ಪನಿಗೂ ಅಷ್ಟೇ ಹೇಳ್ತಿದ್ವಿ, ಕೇಳ್ತಿರಲಿಲ್ಲ.

ಮೂರು ತಿಂಗಳ ವಿಷಯ ಮೂರು ತಿಂಗಳಾದ ಮೇಲೆ ಮಾತಾಡೋಣ.

ಬುಗುರಿ

*

ಏಪ್ರಿಲ್ 4

ಬುಗುರಿ,

ಅಂಟಿನ ಬಗ್ಗೆ ಕೇಳಿದ್ಯಲ್ಲ. ನಾವು ರಟ್ಟು ಅಂಟಿಸುವಾಗ ಮೊದಲು ಧೂಳು, ಎಣ್ಣೆ, ತೇವ ಏನೂ ಇಲ್ಲದ ಹಾಗೆ ಒರೆಸ್ತೀವಿ. ಅಂಟಿಸಿದ ಮೇಲೆ ಭಾರ ಹೇರ್ತೀವಿ. ಚಳಿಗೆ ಅಂಟು ಹಿಡಿಯಲ್ಲ, ಬೆಚ್ಚಗಿರಬೇಕು. ನೀನು ಬಿಲ್ಲೆ ಅಂಟಿಸಿ ಅದರ ಮೇಲೆ ಅಂಗೈ ಇಟ್ಟು ಸುಮ್ನೆ ಸ್ವಲ್ಪ ಹೊತ್ತು ಮಲಗು. ಸುಮ್ನೆ ಅನ್ನೋ ಪದ ನಿನಗೆ ಗೊತ್ತಿದ್ರೆ.

ಚರ್ಮ ಕೆಂಪಗಾಗಿದೆಯಾ? ಅದನ್ನ ಬರೆದಿಲ್ಲ ನೀನು. ನೀನು ಬರೆದಿದ್ದಕ್ಕಿಂತ ಬರೆಯದೇ ಇದ್ದಿದ್ದೇ ನನಗೆ ಜಾಸ್ತಿ ಕೇಳ್ಸುತ್ತೆ.

ಕೆಲಸಕ್ಕೆ ಹೋದ್ಯಾ? ಹೇಗಾಯ್ತು? ಜನ ಏನಂದ್ರು? ಮೇಜಿನ ಅಂಚು ಹೊಟ್ಟೆಗೆ ತಾಗಲ್ವಾ? ನಿಮ್ಮ ಕಾರ್ಖಾನೆಗೆ ಒಂದು ಸಲ ಬಂದಾಗ ನೋಡಿದ್ದೆ, ನೀವೆಲ್ಲ ಮೇಜಿಗೆ ಹೊಟ್ಟೆ ಒತ್ತಿ ಬಗ್ಗಿ ಕತ್ತರಿಸ್ತೀರಿ. ಅದು ನೆನಪಾಗಿ ನಿದ್ದೆ ಬರ್ತಿಲ್ಲ.

ಇಲ್ಲಿ ವಿಶೇಷ ಏನೂ ಇಲ್ಲ. ನೀನು ಹೋದ ವರ್ಷ ಹೊಲಿದು ಕಳಿಸಿದ್ದ ರವಿಕೆಗಳು ಸಡಿಲ ಆಗಿವೆ, ಭುಜದಿಂದ ಜಾರ್ತಿವೆ. ಅತ್ತೆ ಅಂತಾರೆ, ಸೊಸೆ ತೆಳ್ಳಗಾದ್ರೆ ಮನೆಗೆ ಕೆಟ್ಟ ಹೆಸರು, ನಾವು ಅನ್ನ ಹಾಕಲ್ಲ ಅಂತ ಜನ ಅಂದ್ಕೋತಾರೆ ಅಂತ. ನಾನು ನಕ್ಕೆ. ಪಿನ್ನು ಹಾಕ್ಕೊಂಡು ಓಡಾಡ್ತಿದೀನಿ.

ಕಾಗದ ಬರೆಯೋ. ಎರಡೇ ಗೆರೆ ಆದ್ರೂ ಸರಿ.

ಅಕ್ಕ

*

ಏಪ್ರಿಲ್ 22

ಅಕ್ಕ,

ಬರೀಲಿಲ್ಲ. ಬರೆಯೋ ಹಾಗಿರಲಿಲ್ಲ. ಈಗ ಎಲ್ಲಾ ಒಟ್ಟಿಗೆ ಕಕ್ತೀನಿ, ನಿಧಾನಕ್ಕೆ ಓದು.

ಚರ್ಮ ಕೆಂಪಗಾಗಿದೆಯಾ ಅಂತ ಕೇಳಿದ್ಯಲ್ಲ. ಕೆಂಪಗಲ್ಲ, ಸುಟ್ಟ ಹಾಗಾಗಿತ್ತು. ಬಿಲ್ಲೆ ಕಿತ್ತಾಗ ಹಲ್ಲು ಕಚ್ಕೊಳ್ತಿದ್ದೆ. ನಿನ್ನ ಹತ್ರ ಅಂಟಿನ ತಪ್ಪು ಅಂತ ಬರೆದೆ, ಕಾಜನ ಹತ್ರ ಸೆಕೆ ಅಂದೆ. ಕೆಲಸಕ್ಕೆ ಹೋದೆ. ಮೊದಲ ನಾಲ್ಕು ದಿನ ಎಲ್ಲಾ ಚೆನ್ನಾಗಿತ್ತು. ಐದನೇ ದಿನ ಸ್ಕೂಲ್ ಅಂಗಿಯ ಬಿಳಿ ಬಟ್ಟೆ ಬಂತು. ಪದರದ ಮೇಲೆ ಪದರ ಹಾಸಿ, ಗೆರೆ ಎಳೆದು, ಆಚೆ ತುದಿ ಮುಟ್ಟೋಕೆ ಬಗ್ಗಿದೆ. ನೀನು ಹೆದರಿದ್ಯಲ್ಲ, ಅದೇ ಮೇಜಿನ ಅಂಚು. ಎದ್ದು ನೋಡ್ತೀನಿ, ಬಿಳಿ ಬಟ್ಟೆ ಮೇಲೆ ನನ್ನ ಗುರುತು.

ಯಾರೂ ನಗಲಿಲ್ಲ ಅಕ್ಕ. ನಕ್ಕಿದ್ರೆ ಹೊಡೆದಾಡಬಹುದಿತ್ತು. ಎಲ್ಲಾ ಮಿಷನ್ನುಗಳೂ ಒಂದೊಂದಾಗಿ ನಿಂತವು. ಮೇಸ್ತ್ರಿ ಮೇಲಿನ ಎರಡು ಪದರ ಮಡಚಿ ತೆಗೆದ್ರು, ಕೆಳಗಿನವು ಉಳಿದಿದಾವೆ ಅಂದ್ರು, ನನ್ನನ್ನ ನೋಡಲಿಲ್ಲ. ನಾನು ಚಪ್ಪಲಿ ಕೂಡ ಹಾಕ್ಕೊಳ್ದೆ ರೂಮಿಗೆ ಬಂದೆ. ಆಮೇಲೆ ಎಷ್ಟು ದಿನ ಚಾಪೆ ಮೇಲೆ ಬಿದ್ದಿದ್ದೆ ಗೊತ್ತಿಲ್ಲ. ನಿನ್ನ ಹಿಂದಿನ ಕೋಣೆ ನೆನಪಾಯ್ತು. ಸುಳ್ಳು ಯಾಕೆ ಹೇಳಲಿ, ಬ್ಯಾಗಿಗೆ ಬಟ್ಟೆನೂ ತುಂಬಿದ್ದೆ. ದೇಹ ನನ್ನ ಕೈ ಬಿಡ್ತು ಅಂದ್ಕೊಂಡೆ, ಗಾಯ ಕೊಳೀತಿದೆ, ಮುಗೀತು ಅಂತ.

ಕಾಜ ಬಿಡಲಿಲ್ಲ. ಆಸ್ಪತ್ರೆಗೆ ಬರ್ತೀಯೋ ಥಾನಿನ ಥರ ಹೆಗಲ ಮೇಲೆ ಹಾಕ್ಕೊಂಡು ಹೋಗಲೋ ಅಂದ. ಹೋದ್ವಿ.

ನರ್ಸಮ್ಮ ಬಿಲ್ಲೆ ಕಿತ್ತು ನೋಡಿದ್ರು. ಗಾಯ ನೋಡಲಿಲ್ಲ, ಮೊದಲು ಬಿಲ್ಲೆ ತೂತು ನೋಡಿದ್ರು. ಆಮೇಲೆ ನನ್ನ ಚೀಲದಿಂದ ಇನ್ನೊಂದು ತೆಗೆದ್ರು, ಮತ್ತೊಂದು ತೆಗೆದ್ರು. ಎಲ್ಲಾ ಒಂದೇ ಅಚ್ಚು. ಇದನ್ನ ಯಾವಾಗಪ್ಪ ಅಳೆದಿದ್ದು ಅಂದ್ರು. ಆಪರೇಷನ್ ಆದ ವಾರ ಅಂದೆ, ಇನ್ನೂ ಜಂಭದಲ್ಲೇ.

ಅವರು ಅಳತೆ ಕಾರ್ಡು ತಂದು ಮನೆಅಳಿಯನ ಮೇಲಿಟ್ಟು ತೋರಿಸಿದ್ರು. ತೂತು ಹಳೇ ರೂಪಾಯಿ ಬಿಲ್ಲೆಯಷ್ಟಗಲ, ಅವನು ಅಂಗಿ ಗುಂಡಿಗಿಂತ ಸ್ವಲ್ಪ ದಪ್ಪ, ಅಷ್ಟೆ. ಕೊಯ್ದಾಗ ಊದಿಕೊಂಡಿರುತ್ತಂತೆ. ವಾರ ವಾರ ಇಳೀತಾ ಹೋಗುತ್ತಂತೆ. ನಾನು ಊದಿದ್ದಾಗಿನ ಅಳತೆಗೆ ರಾಶಿ ಕತ್ತರಿಸಿಟ್ಟಿದ್ದೆ. ಸುತ್ತ ಚರ್ಮ ಬೆತ್ತಲೆ, ಬರೋದೆಲ್ಲಾ ಅದರ ಮೇಲೇ. ಸುಡದೆ ಏನಾಗುತ್ತೆ? ದೇಹ ಕೈ ಬಿಟ್ಟಿರಲಿಲ್ಲ ಅಕ್ಕ. ಅದು ವಾಸಿ ಆಗ್ತಾ ಇತ್ತು. ನಾನು ಹಳೇ ಅಳತೆ ಹಿಡ್ಕೊಂಡು ಕೂತಿದ್ದೆ.

ನರ್ಸಮ್ಮ ಬೈಲಿಲ್ಲ. ಅವರಂದಿದ್ದು ಮಾತ್ರ ಕಿವೀಲಿ ಕೂತಿದೆ. "ಬದುಕಿರೋ ಮೈ ಕಣಪ್ಪ ಇದು, ಬಟ್ಟೆ ಅಲ್ಲ. ಬದುಕಿರೋದನ್ನ ಪ್ರತೀ ಸಲ ಅಳೀಬೇಕು."

ಡಬ್ಬ ಪೂರ್ತಿ ಕಸಕ್ಕೆ ಹೋಯ್ತು. ಹೊಸದು ಅಳೆದು ಅಂಟಿಸಿದ್ವಿ, ನೀನು ಹೇಳಿದ ಹಾಗೆ ಅಂಗೈ ಇಟ್ಟೆ. ಅದನ್ನೇ ನರ್ಸಮ್ಮನೂ ಹೇಳೋದಂತೆ. ನಿಮ್ಮಕ್ಕ ನರ್ಸಾ ಅಂದ್ರು, ಅಲ್ಲ ಪುಸ್ತಕಕ್ಕೆ ರಟ್ಟು ಹಾಕ್ತಾಳೆ ಅಂದೆ. ಈಗ ಚರ್ಮ ಒಣಗಿದೆ, ಹೊಸ ತೊಗಲು ಬರ್ತಿದೆ.

ಕಾರ್ಖಾನೆಗೆ ವಾಪಸ್ ಹೋದೆ. ಮೇಸ್ತ್ರಿ ಕೆಟ್ಟವರಲ್ಲ. ಹಿಂದಿನ ಪ್ಯಾಕಿಂಗ್ ಕೋಣೇಲಿ ಕೆಲಸ ಮಾಡು, ಅಲ್ಲಿ ಯಾರೂ ನೋಡಲ್ಲ, ನಿನಗೂ ಆರಾಮ ಅಂದ್ರು. ನನಗೆ ನಗು ಬಂತು. ಪ್ರಪಂಚದಲ್ಲಿ ಎಷ್ಟು ಹಿಂದಿನ ಕೋಣೆಗಳಿವೆ ಅಕ್ಕ, ಎಲ್ಲದಕ್ಕೂ ನಾನೇ ಬೇಕಾ? ಎಲ್ಲರಿಗೂ ಕೇಳೋ ಹಾಗೆ ಹೇಳಿದೆ. "ನನ್ನ ಹೊಟ್ಟೆ ಮೇಲೆ ಚೀಲ ಇದೆ. ಅದು ಸೋರಿದ್ದು ನಾನು ತಪ್ಪು ಅಳತೆ ಕತ್ತರಿಸಿದ್ದಕ್ಕೆ. ನೀವು ತೋಳು ಗಿಡ್ಡ ಕತ್ತರಿಸಿದ ದಿನ ಯಾರು ನಿಮ್ಮನ್ನ ಪ್ಯಾಕಿಂಗಿಗೆ ಕಳಿಸಿದ್ರು?"

ಮೇಸ್ತ್ರಿ ಕನ್ನಡಕ ತೆಗೆದು ಒರೆಸಿದ್ರು. ಮಿಷನ್ ಸಾಲಿನಿಂದ ಯಾರೋ ಹೆಂಗಸು ಕಿಸಕ್ಕಂದ್ಲು. ಅದು ಅವರಿಗಾ ನನಗಾ ತಿಳೀಲಿಲ್ಲ. ಆಮೇಲೆ ಮೇಸ್ತ್ರಿನೇ ಥಾನು ಬರೋ ಮರದ ಹಲಗೆ ಎರಡು ತಂದು ನನ್ನ ಕಾಲ ಕೆಳಗೆ ಹಾಕಿಸಿದ್ರು. ಎತ್ತರ ನಿಂತ್ರೆ ಮೇಜಿನ ಅಂಚು ತೊಡೆಗೆ ತಾಗುತ್ತೆ, ಹೊಟ್ಟೆಗಲ್ಲ. ಈಗ ಅಲ್ಲೇ ನಿಂತಿದೀನಿ, ಎಲ್ಲರಿಗಿಂತ ಅರ್ಧ ಗೇಣು ಮೇಲೆ. ಕಾಜ ನನ್ನನ್ನ ದೊರೆ ಅಂತಾನೆ.

ಈಗ ಇನ್ನೊಂದು. ಅದನ್ನ ಮುಚ್ಚಲ್ಲ ಅಕ್ಕ. ಮೂರು ತಿಂಗಳಿಗೂ ಇಲ್ಲ, ಮೂವತ್ತು ವರ್ಷಕ್ಕೂ ಇಲ್ಲ. ಕೆಲವರಿಗೆ ಮುಚ್ತಾರೆ, ನಿಮ್ಮ ಯಜಮಾನರ ಷಡ್ಡಕರಿಗೆ ಮುಚ್ಚಿರಬಹುದು. ನನಗೆ ಗಡ್ಡೆ ಇದ್ದಿದ್ದು ತೀರಾ ಕೆಳಗೆ, ಆ ದಾರೀನೇ ತೆಗೆದು ಹಿಂದುಗಡೆ ಹೊಲಿದುಬಿಟ್ಟಿದಾರೆ. ಆಪರೇಷನ್‌ಗೆ ಮೊದಲೇ ನನಗೆ ಗೊತ್ತಿತ್ತು. ಸಹಿ ಹಾಕಿದ್ದು ನಾನೇ. ನೀನು ಅಳ್ತೀಯ ಅಂತ ಹೇಳಲಿಲ್ಲ. ಈಗ ಅಳು, ಆದ್ರೆ ಒಂದೇ ಸಲ ಅತ್ತು ಮುಗಿಸು.

ರವಿಕೆ ಸಡಿಲ ಆಗಿದೆ ಅಂದ್ಯಲ್ಲ, ಒಳ್ಳೇದಾಯ್ತು, ಹೊಸದು ಹೊಲಿದು ಕಳಿಸ್ತೀನಿ. ನಿನ್ನ ಹಳೇ ಮಾದರಿ ಕಾಗದ ಇದೆ, ಆದ್ರೆ ನನಗೀಗ ಬುದ್ಧಿ ಬಂದಿದೆ. ಹೊಸದಾಗಿ ಅಳೆದು ದಾರದಲ್ಲಿ ಗಂಟು ಹಾಕಿ ಕಳಿಸು. ಮೊದಲು ಎದೆ, ಆಮೇಲೆ ಸೊಂಟ, ಆಮೇಲೆ ತೋಳು, ಅಮ್ಮ ದರ್ಜಿಗೆ ಕಳಿಸ್ತಿದ್ದ ಹಾಗೆ.

ಬುಗುರಿ

*

ಮೇ 3

ಬುಗುರಿ,

ಒಂದೇ ಸಲ ಅತ್ತು ಮುಗಿಸು ಅಂದೆ. ಮುಗಿಸಿದೆ. ಈಗ ನಾನು ಹೇಳೋದನ್ನ ಕೇಳು.

ಆಸ್ಪತ್ರೇಲಿ ನಾನು ಗೋಡೆ ಕಡೆ ತಿರುಗಿದ್ದು ಅಸಹ್ಯಕ್ಕಲ್ಲ. ಅಪ್ಪ ನೆನಪಾದ್ರು.

ಅಪ್ಪ ಹೋಗಿದ್ದು ಮೂಲವ್ಯಾಧಿಯಿಂದ ಅಂತ ನಿನಗೆ ಹೇಳಿದ್ವಿ. ಮೂಲವ್ಯಾಧಿಗೆ ಯಾರಾದ್ರೂ ಸಾಯ್ತಾರೇನೋ? ನೀನು ಆರನೇ ಕ್ಲಾಸು, ನಂಬಿದೆ. ದೊಡ್ಡವನಾದ ಮೇಲೂ ಕೇಳಲಿಲ್ಲ, ನಾನೂ ಬಿಚ್ಚಲಿಲ್ಲ. ಅವರಿಗೂ ಇದೇ ಆಗಿತ್ತು. ಇದೇ ಜಾಗ. ಡಾಕ್ಟರ್ ಇದನ್ನೇ ಹೇಳಿದ್ರು, ಹೊಟ್ಟೆ ಮೇಲೆ ದಾರಿ ಮಾಡ್ತೀವಿ, ಬದುಕ್ತೀರಿ ಅಂತ. ಜೊತೆಗೆ ಹೋಗಿದ್ದವಳು ನಾನೊಬ್ಬಳೇ, ಅಮ್ಮ ಆಗಲೇ ಹೋಗಿಯಾಗಿತ್ತು. ಅಪ್ಪ ಅಲ್ಲೇ ಎದ್ದು ನಿಂತ್ರು. "ನಾಲ್ಕು ಜನರ ಮುಂದೆ ಹೊಲಸು ಕಟ್ಕೊಂಡು ಓಡಾಡಲಾ? ಅದಕ್ಕಿಂತ ಹೋಗೋದೇ ವಾಸಿ" ಅಂದ್ರು. ದಾರೀಲಿ ನನ್ನ ಕೈ ಹಿಡ್ಕೊಂಡು ಯಾರಿಗೂ ಹೇಳಲ್ಲ ಅಂತ ಮಾತು ತಗೊಂಡ್ರು. ಆಮೇಲೆ ನಮ್ಮ ಹಿಂದಿನ ಕೋಣೇಲಿ ಪರದೆ ಕಟ್ಕೊಂಡು ಮಲಗಿದ್ರು. ಎಲ್ಲಾ ನಾನೇ ಮಾಡಿದೆ. ಬಟ್ಟೆ ನಾನು ಒಗೀತಿದ್ದೆ, ನಿನಗೆ ವಾಸನೆ ಬರಬಾರದು ಅಂತ ನಿನ್ನನ್ನ ಆಟಕ್ಕೆ ಕಳಿಸ್ತಿದ್ದೆ.

ನನಗೆ ಗೊತ್ತಿದ್ದ ದಾರಿ ಅದೊಂದೇ ಕಣೋ. ಕೋಣೆ, ಪರದೆ, ಬಿಸಿನೀರು. ಅದಕ್ಕೇ ನಿನ್ನನ್ನೂ ಕರೆದೆ. ಸಾಯೋರನ್ನ ನೋಡ್ಕೊಳ್ಳೋದು ಗೊತ್ತಿತ್ತು. ಬದುಕೋರನ್ನ ಹೇಗೆ ನೋಡ್ಕೋಬೇಕು ಅಂತ ಗೊತ್ತಿರಲಿಲ್ಲ.

ನೀನು ಸಹಿ ಹಾಕಿದೆ. ಅದನ್ನ ಓದಿ ಅಂಗಡೀಲಿ ಕೂತು ಜೋರಾಗಿ ನಕ್ಕುಬಿಟ್ಟೆ. ಪಕ್ಕದವಳು ಏನಾಯ್ತು ಅಂದ್ಲು. ನಮ್ಮ ಹುಡುಗ ಪಾಸಾದ ಅಂದೆ.

ಮಂಚ ತೆಗೆಸಿದೀನಿ. ಸೈಕಲ್ ನಿಂತಿದೆ ಅಲ್ಲೀಗ.

ದಾರ ಕಳಿಸಿದೀನಿ, ಲಕೋಟೆ ಮೂಲೇಲಿದೆ ನೋಡು. ಆತುರ ಏನಿಲ್ಲ. ನನ್ನ ರಕ್ತದ್ದು ಹಾಗೇ ಇದೆ, ಬರುತ್ತೆ ಹೋಗುತ್ತೆ. ನನ್ನದು ನಿಜವಾಗ್ಲೂ ಮೂಲವ್ಯಾಧೀನೇ, ಅಪ್ಪನ ಹಾಗೆ ಅಲ್ಲ. ಹೆಂಗಸರು ಇಂಥದ್ದನ್ನ ಯಾರ ಮುಂದೆ ತೋರಿಸೋಕಾಗುತ್ತೆ ಹೇಳು. ನೀನು ನಿನ್ನ ಮೈ ನೋಡ್ಕೋ.

ಅಕ್ಕ

*

ಮೇ 11

ಅಕ್ಕ,

ಇದನ್ನ ಅಂಚೆಗೆ ಹಾಕಲ್ಲ. ಹಾಕಿದ್ರೆ ನೀನು ಓದಿ, ಬೇಡ ಅಂತ ಬರೆದು, ನಾನು ಬೇಕು ಅಂತ ಬರೆದು, ಹಾಗೇ ಮಳೆಗಾಲ ಬರುತ್ತೆ. ಜೇಬಲ್ಲಿಟ್ಕೊಂಡು ಬರ್ತೀನಿ. ಬಾಗಿಲಲ್ಲೇ ನಿನ್ನ ಕೈಗೆ ಕೊಡ್ತೀನಿ, ಆಸ್ಪತ್ರೆ ಬಸ್ ಹತ್ತೋ ಮೊದಲು ಓದು.

ದಾರ ಬಂತು. ನಿನ್ನ ಹಳೇ ಮಾದರಿ ಕಾಗದ ಹಾಸಿ ಅದರ ಮೇಲೆ ಎಳೆದೆ. ಎದೆ ಗಂಟು ಗೆರೆ ಮುಟ್ಟಲಿಲ್ಲ. ಸೊಂಟದ್ದು ಮೂರು ಬೆರಳು ಹಿಂದೇ ನಿಂತ್ಕೊಳ್ತು. ತೋಳಿನದ್ದು ನೋಡಿ ಇದು ಯಾರೋ ಮಗುವಿನದ್ದು ಅಂದ್ಕೊಂಡೆ. ದಾರ ತಿರುಗಿಸಿ ಇನ್ನೊಂದ್ಸಲ ಇಟ್ಟೆ. ಮೇಸ್ತ್ರಿ ಬಂದು ನೋಡಿದ್ರು, ಯಾರದಿದು ಅಂದ್ರು. ನಮ್ಮಕ್ಕಂದು, ಒಂದು ವರ್ಷದಲ್ಲಿ ಇಷ್ಟು ಅಂದೆ. ಯಾವಾಗ ಹೊರಡ್ತೀಯ ಅಂತ ಮಾತ್ರ ಕೇಳಿದ್ರು.

ರವಿಕೆ ಸಡಿಲ ಆಯ್ತು ಅಂದಾಗ ನಾನು ಒಳ್ಳೇದಾಯ್ತು ಅಂತ ಬರೆದಿದ್ದೆ. ನರ್ಸಮ್ಮ ಹೇಳಿದ ಪಾಠ ನನ್ನ ಹೊಟ್ಟೆಗೊಂದೇ ಅಂದ್ಕೊಂಡಿದ್ದೆ.

ಡಾಕ್ಟರ್ ಹತ್ರ ಹೋದೆ. ಮೊದಲನೇ ದಿನವೇ ಅವರು ಕೇಳಿದ್ರು, ಮನೇಲಿ ಯಾರಿಗಾದ್ರೂ ಇತ್ತಾ ಅಂತ. ಇಲ್ಲ, ಅಪ್ಪನಿಗೆ ಮೂಲವ್ಯಾಧಿ ಅಂದಿದ್ದೆ, ನನಗೆ ಗೊತ್ತಿದ್ದಿದ್ದು ಅಷ್ಟೆ. ಈಗ ನಿಜ ಹೇಳಿದೆ, ನಿನ್ನ ರಕ್ತದ್ದೂ ಹೇಳಿದೆ, ದಾರಾನೂ ತೋರಿಸಿದೆ. ಇದು ಕೆಲವು ಮನೆಗಳಲ್ಲಿ ರಕ್ತದಲ್ಲೇ ಹರಿದು ಬರುತ್ತಂತೆ. ಅವರು ಕನ್ನಡಕದ ಮೇಲಿಂದ ನೋಡಿ, "ಇನ್ನೂ ಯಾಕೆ ಇಲ್ಲಿ ಕೂತಿದೀಯ? ಕರ್ಕೊಂಡು ಬಾ" ಅಂದ್ರು. ಸಣ್ಣ ಕೊಳವೇಲಿ ಒಳಗೆ ನೋಡ್ತಾರೆ, ಅಷ್ಟೆ. ಮೂಲವ್ಯಾಧಿ ಆಗಿದ್ರೆ ನಾನು ನಿನಗೆ ಊಟ ಹಾಕಿಸಿ ವಾಪಸ್ ಬಸ್ ಹತ್ತಿಸ್ತೀನಿ. ಇನ್ನೊಂದು ಆಗಿದ್ರೆ, ಬೇಗ ಸಿಕ್ಕಿದ್ರೆ, ಚೀಲ ಬೇಡದೇನೂ ಇರಬಹುದಂತೆ. ಬೇಕೂ ಆಗಬಹುದು. ನಿನ್ನ ಹತ್ರ ನಾನು ಸುಳ್ಳು ಹೇಳಲ್ಲ.

ಬೇಕಾದ್ರೆ ಆಗಲಿ. ನಿನ್ನ ಬಿಲ್ಲೆ ನಾನು ಕತ್ತರಿಸ್ತೀನಿ, ಒಂದೊಂದೇ, ಪ್ರತೀ ಸಲ ಅಳೆದು. ನೀನು ಗೋಡೆ ಕಡೆ ತಿರುಗಿರು, ಪರವಾಗಿಲ್ಲ. ಒಂದಿನ ಈ ಕಡೆ ತಿರುಗ್ತೀಯ.

ಹೆಂಗಸರು ಯಾರಿಗೆ ತೋರಿಸೋದು ಅಂದೆ. ಅಪ್ಪನೂ ಅದನ್ನೇ ಅಂದ್ರಲ್ಲ, ಮೀಸೆ ಇಟ್ಕೊಂಡು. ಆ ಮಾತು ನಮ್ಮ ಮನೇಲಿ ಒಬ್ಬರನ್ನ ತಿಂದಿದೆ, ಸಾಕು ಅದಕ್ಕೆ.

ನಾನು ಬೈಂಡಿಂಗ್ ಅಂಗಡಿಗೆ ಬರಲ್ಲ. ಮನೆಗೇ ಬರ್ತೀನಿ, ಮುಂಬಾಗಿಲಿಗೆ. ನಿಮ್ಮ ಅತ್ತೆ ಕಾಮಾಲೆ ಹೇಗಿದೆ ಅಂತ ಕೇಳ್ತಾರೆ. ಕಾಮಾಲೆ ಅಲ್ಲ ಅಂತೀನಿ, ಏನು ಅಂತಾನೂ ಹೇಳ್ತೀನಿ, ನೋಡ್ಬೇಕಾದ್ರೆ ನೋಡಿ ಅಂತೀನಿ. ಭಾವನವರ ಮುಂದೇನೇ. ನನ್ನದನ್ನ ನಾನು ಹೇಳ್ತೀನಿ. ನಿನ್ನದು ನಿನ್ನ ಬಾಯಿ, ಹೇಳ್ತೀಯೋ ಬಿಡ್ತೀಯೋ ನಿನ್ನಿಷ್ಟ. ಆದ್ರೆ ಬಸ್ ಮಾತ್ರ ಹತ್ತಬೇಕು. ಬೈಯ್ತಾ ಹತ್ತು, ಅಳ್ತಾ ಹತ್ತು. ನೀನು ಬರೋವರೆಗೂ ನಿಮ್ಮ ಹೊಸ್ತಿಲ ಮೇಲೆ ನಿಂತಿರ್ತೀನಿ. ನಿಂತೇ ಕೆಲಸ ಮಾಡೋನು ನಾನು, ನನಗೇನು ಕಾಲು ನೋಯಲ್ಲ.

ಮೈ ಅಳೆದು ಹೊಸ ಬಿಲ್ಲೆ ಅಂಟಿಸಿದೀನಿ, ಅಂಗೈ ಇಟ್ಟು ಬೆಚ್ಚಗೆ ಮಾಡಿದೀನಿ. ಬ್ಯಾಗಲ್ಲಿ ಇನ್ನೆರಡು ಇವೆ, ಕತ್ತರಿಸಿಲ್ಲ. ಕತ್ತರಿ ಇದೆ. ನಿನ್ನ ದಾರ ಹಾಳೆ ಮಡಿಕೇಲಿ ಇಟ್ಟಿದೀನಿ. ಕಾಜ ಕೆಳಗಿಂದ ಕೂಗ್ತಿದಾನೆ, ಬಸ್ ಹೋಗುತ್ತೆ ದೊರೆ ಅಂತ. ಮನೆಅಳಿಯನೂ ಗುರ್ ಅಂದ, ಅವನಿಗೂ ಪ್ರಯಾಣದ ಉತ್ಸಾಹ.

ಇಲ್ಲಿಗೆ ನಿಲ್ಲಿಸ್ತೀನಿ. ಬಾಗಿಲ ಹತ್ರ ನಿಂತೇ ಈ ಕೊನೇ ಗೆರೆ ಬರೀತಿದೀನಿ, ಹಾಳೆ ಗೋಡೆಗೆ ಒತ್ತಿ. ಚಪ್ಪಲಿ ಹಾಕ್ಕೊಂಡಿದೀನಿ. ಚಿಲಕ ತೆಗೆದಿದೀನಿ. ಇನ್ನು ಹೊರಗೆ ಕಾಲಿಡ್ತೀನಿ, ಬಾಗಿಲು ಎಳ್ಕೋತೀನಿ.